ಮಗಳು ಕಲಿತ ಚೀನೀ ಭಾಷೆಯನ್ನು ವಾಪಸು ಕೇಳಿದವರಿಗೆ

ಶಿವಮೊಗ್ಗ, ಮಾರ್ಚ್ 1963

ವಿದೇಶಿ ಭಾಷಾ ಶಿಕ್ಷಣ ಕಚೇರಿಯ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಮಗಳು ವಿಮಲಾ ನಾಲ್ಕು ವರ್ಷ ಕಲಿತ ಚೀನೀ ಭಾಷೆಯನ್ನು ಮರೆತುಬಿಡಬೇಕೆಂದು ತಮ್ಮ ಕಚೇರಿಯಿಂದ ಪತ್ರ ಬಂದಿದೆ. ಹಾಗೆಂದು ನೇರವಾಗಿ ಬರೆದಿಲ್ಲ, ನಿಜ. 'ಬದಲಾದ ಪರಿಸ್ಥಿತಿಯಲ್ಲಿ ಸದರಿ ಭಾಷೆಯ ಪರೀಕ್ಷೆಯನ್ನು ರದ್ದುಪಡಿಸಲಾಗಿದೆ. ಅಭ್ಯರ್ಥಿಗಳು ಬೇರೊಂದು ಭಾಷೆಯನ್ನು ಮೊದಲಿನಿಂದ ಆರಂಭಿಸತಕ್ಕದ್ದು. ಪಾಠದ ಪುಸ್ತಕಗಳನ್ನು ಹಿಂದಿರುಗಿಸತಕ್ಕದ್ದು' ಎಂದಿದೆ. ಪುಸ್ತಕಗಳನ್ನು ಟಪಾಲಿನಲ್ಲಿ ಕಳಿಸಬಹುದು. ತಲೆಯೊಳಗೆ ಹೋಗಿ ಕೂತದ್ದನ್ನು ಹೇಗೆ ಕಟ್ಟಿ ಕಳಿಸಬೇಕೆಂದು ತಾವು ತಿಳಿಸಿಲ್ಲ. ಹುಡುಗಿಗೆ ಈಗ ಇಪ್ಪತ್ತಮೂರು. ತಮ್ಮದೇ ನಿಯಮದ ಪ್ರಕಾರ ಇಪ್ಪತ್ತನಾಲ್ಕಕ್ಕೆ ಅವಳ ಅವಕಾಶ ಮುಗಿಯುತ್ತದೆ. ಒಂದೇ ವರ್ಷದಲ್ಲಿ ಹೊಸ ಭಾಷೆ ಕಲಿತು ಪರರಾಷ್ಟ್ರ ವ್ಯವಹಾರದ ಕೆಲಸಕ್ಕೆ ಸೇರಿದ ಮಹಾನುಭಾವರು ತಮ್ಮ ಕಚೇರಿಯಲ್ಲಿ ಎಷ್ಟು ಜನರಿದ್ದಾರೆ?

ಅಷ್ಟಕ್ಕೂ ಈ ಭಾಷೆಯನ್ನು ಆರಿಸಿದವರು ನಾವಲ್ಲ ಸ್ವಾಮಿ, ತಾವು. 1958ರಲ್ಲಿ ವಿಮಲಾ ಕಾಲೇಜಿಗೆ ಸೇರಿದಳು, ಸೇರಿದ ವರ್ಷವೇ ದೇಶದೇಶಗಳ ನಡುವೆ ಮಾತಾಡುವ ಕೆಲಸ ತನಗೆ ಬೇಕೆಂದು ಹಟ ಹಿಡಿದಳು. ಅದಕ್ಕೊಂದು ವಿದೇಶಿ ಭಾಷೆ ಬೇಕು. ರಷ್ಯನ್ನೋ, ಫ್ರೆಂಚೋ, ಚೀನಿಯೋ? ನಾನು ಅಡಿಕೆ ಮಂಡಿಯ ದಲ್ಲಾಳಿ, ನನಗೇನು ಗೊತ್ತು? ತಮ್ಮ ಕಚೇರಿಯ ಕಿರುಪುಸ್ತಕ ತರಿಸಿದೆ. ಅದರ ತುಂಬ 'ಹಿಂದೀ ಚೀನೀ ಭಾಯಿ ಭಾಯಿ'. ಚೀನೀ ಭಾಷೆಗೆ ಉಜ್ವಲ ಭವಿಷ್ಯವಿದೆಯೆಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಿರಿ.

ಆದರೆ ನಮ್ಮಲ್ಲಿ ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಮೊದಲು ಮನೆದೇವರಲ್ಲಿ ಪ್ರಸಾದ ಕೇಳುವುದು ಪದ್ಧತಿ. ದೇವರ ಮೈಗೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಆಯನೂರಿನ ಆಚೆ ನಮ್ಮ ವೀರಭದ್ರನ ಗುಡಿಗೆ ಮೂವರೂ ಹೋದೆವು. ಪೂಜೆಯ ಅಯ್ಯನವರು ಕೇಳಿದರು: "ಚೀನಾ ಅಂದ್ರೆ ಯಾವ ದಿಕ್ಕಿಗೆ ಬರುತ್ತೆ ಷಡಕ್ಷರಪ್ಪ?"

"ಈಶಾನ್ಯಕ್ಕೆ."

"ದಿಕ್ಕೇನೋ ಒಳ್ಳೇದೆ" ಎಂದು ಅವರು ಪ್ರಾರ್ಥನೆ ಮುಗಿಸುವ ಮೊದಲೇ ಎಡಗಡೆಯ ಹೂ ಬಿತ್ತು.

ನನ್ನ ಹೆಂಡತಿ ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಆಯ್ತಲ್ಲ, ಬೇಡ ಅಂತು. ನಡೀರಿ."

"ಅದು ಗಾಳಿ ಕಣೆ" ಎಂದೆ ನಾನು. "ಸರ್ಕಾರದೋರು ಮೊಹರು ಒತ್ತಿ ಹೇಳಿದಾರೆ. ದೇವರೇನು ದೆಹಲಿಗೆ ಹೋಗಿ ವಿಚಾರಿಸ್ಕೊಂಡು ಬಂದಿದಾನಾ?"

ಹೀಗೆ ಹೇಳಿದ ಬಾಯಿಯನ್ನು ಹೋದ ಅಕ್ಟೋಬರಿನಲ್ಲಿ ಚೀನಾ ಯುದ್ಧ ಶುರುವಾದಾಗಿನಿಂದ ತೊಳೆದುಕೊಳ್ಳುತ್ತಿದ್ದೇನೆ.

ಮಗಳು ಕಲಿತದ್ದು ಸುಮ್ಮನೆ ಅಲ್ಲ. ತಾವು ಟಪಾಲಿನಲ್ಲಿ ಕಳಿಸಿದ ಪಾಠಗಳನ್ನು ಬರೆದು ಬರೆದು ಅವಳ ಬೆರಳು ದಡ್ಡುಗಟ್ಟಿತು. ಪ್ರತಿ ಭಾನುವಾರ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದಳು. ಅಲ್ಲಿ ಕಾರ್ಖಾನೆ ಕಾಲೋನಿಯಲ್ಲಿ, ಮಲಯಾದಲ್ಲಿ ಹದಿನಾರು ವರ್ಷ ಇದ್ದು ಬಂದ ಪೆರುಮಾಳ್ ಎಂಬ ಫಿಟ್ಟರಿದ್ದಾರೆ. ಅವರು ಅಲ್ಲಿನ ಅಂಗಡಿಯವರಿಂದ ಕಲಿತ ಚೀನೀ ಬೇರೆ, ಪುಸ್ತಕದ್ದು ಬೇರೆ. ಆದರೂ ನಾಲಿಗೆ ಪಳಗಲೆಂದು ಇವಳು ಬಿಡಲಿಲ್ಲ. ಯುದ್ಧ ಶುರುವಾದ ಮೇಲೆ ರೈಲಿನಲ್ಲಿ ಆ ಪುಸ್ತಕ ತೆರೆದರೆ ಅಕ್ಕಪಕ್ಕದವರು ಎದ್ದು ಹೋಗುತ್ತಿದ್ದರಂತೆ. ಅವಳಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು, ಅದೊಂದೇ ಲಾಭ. ಹೆಣ್ಣು ನೋಡಲು ಬಂದವರು ಮೊದಲು ಅಡುಗೆ ಬರುತ್ತಾ ಎಂದು ಕೇಳುತ್ತಿದ್ದರು. ಈಗ, "ಚೀನಾ ಬರುತ್ತಂತೆ, ಹೌದಾ?" ಎಂದು ಕೇಳಿ, ಹೌದೆಂದರೆ ಉಪ್ಪಿಟ್ಟು ಅಲ್ಲಿಗೇ ಬಿಟ್ಟು ಏಳುತ್ತಾರೆ.

ತಮ್ಮ ಪತ್ರ ಬಂದ ದಿನ ನಾನೂ ಹೇಳಿದೆ, "ಹೋಗ್ಲಿ ಬಿಡು ಮಗಾ, ಜಗಳ ಆಡಿದೋರ ಭಾಷೆ ನಮಗ್ಯಾಕೆ?" ಅವಳು ಅಳಲಿಲ್ಲ. "ಅಪ್ಪಾ, ಸ್ನೇಹ ಇದ್ದೋರ ಜೊತೆ ಸುಮ್ನೆ ನಕ್ಕರೂ ಆಗುತ್ತೆ. ಜಗಳ ಆಡಿದೋರ ಜೊತೆ ತಾನೇ ಮಾತು ಬೇಕಾಗೋದು?" ಎಂದಳು.

ನನಗೆ ನಾಚಿಕೆಯಾಯಿತು. ಮಂಡಿಯಲ್ಲಿ ನನ್ನ ಕಸುಬೇ ಅದು. ಬೆಳೆಗಾರನೂ ಸಾಹುಕಾರನೂ ಮುಖ ತಿರುಗಿಸಿ ಕೂತಾಗಲೇ ನಾನು ಟವೆಲಿನ ಕೆಳಗೆ ಇಬ್ಬರ ಬೆರಳನ್ನೂ ಹಿಡಿದು ದರ ಕುದುರಿಸುವುದು. ಅವರು ಮಾತು ಬಿಟ್ಟರೆಂದು ನಾನು ಬೆರಳಿನ ಲೆಕ್ಕ ಮರೆತರೆ ನನ್ನನ್ನು ಯಾರು ಕರೆಯುತ್ತಾರೆ? ಗಡಿಯಾಚೆಯವರು ಏನು ಹೇಳುತ್ತಿದ್ದಾರೆಂದು ತಿಳಿಯಬೇಕಾದ ಹೊತ್ತಿನಲ್ಲೇ ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಯಾವ ರಾಜನೀತಿ?

ಹೋದ ಸೋಮವಾರ ಮತ್ತೆ ಗುಡಿಗೆ ಹೋಗಿದ್ದೆವು. ಹುಡುಗಿ ಈ ಭಾಷೆಯನ್ನು ಮುಂದುವರಿಸಬೇಕೇ ಎಂದು ಕೇಳಿದೆವು. ಗುಡಿಯ ಬಾಗಿಲನ್ನು ನಾನೇ ಮುಚ್ಚಿಸಿದ್ದೆ, ಗಾಳಿ ಬಾರದಂತೆ. ಬಲಗಡೆಯ ಹೂ ಬಿತ್ತು. "ಆವತ್ತು ಬೇಡ ಅಂದಿದ್ದ ದೇವರು ಇವತ್ತು ಹೂಂ ಅಂತಾನಲ್ಲೆ?" ಎಂದೆ. ದಾಕ್ಷಾಯಣಮ್ಮ ಹೇಳಿದಳು: "ಕಲಿಯೋಕೆ ಮುಂಚೆ ಬೇಡ ಅಂದ. ಕಲಿತ ಮೇಲೆ ಮರೆತುಬಿಡು ಅನ್ನೋಕೆ ಅವನೇನು ಆಫೀಸರ್ರಾ?"

ಆದ್ದರಿಂದ, ನನ್ನ ಮಗಳಿಗೆ ಇಪ್ಪತ್ತನಾಲ್ಕು ತುಂಬುವ ಮೊದಲು ಚೀನೀ ಭಾಷೆಯ ಪರೀಕ್ಷೆ ನಡೆಸಿ. ಅವಳೊಬ್ಬಳೇ ಕೂರುವುದಾದರೂ ನಡೆಸಿ. ಪುಸ್ತಕಗಳು ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ಇರುತ್ತವೆ.

ಇಂತಿ,
ಮನೆದೇವರ ಮಾತು ಮೀರಿ ತಮ್ಮ ಮಾತು ಕೇಳಿದ, ಇನ್ನು ಮುಂದೆ ಕೇಳದ,
ಷಡಕ್ಷರಪ್ಪ
ಅಡಿಕೆ ಮಂಡಿ ದಲ್ಲಾಳಿ, ಶಿವಮೊಗ್ಗ