ಠಾಣೆಯ ಮೆಟ್ಟಿಲ ಮೇಲೆ ಕೂತವನನ್ನು ಹಿಡಿಯಲಾಗದಂತೆ!

ವಿಜಯಪುರ
ಫೆಬ್ರವರಿ ಮೂವತ್ತು, ೨೨೧೪

ಹಿಂದಿನ ಕಾಲದ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲವಂತೆ. ತಿಂಗಳುಗಳನ್ನೆಲ್ಲ ಸಮ ಮಾಡಿದ ಮೇಲೆ ನಮಗೆ ಸಿಕ್ಕಿದ್ದು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಅದೊಂದನ್ನು ಬಿಟ್ಟರೆ ಈ ಪತ್ರದಲ್ಲಿ ನಾನು ಯಾವುದಕ್ಕೂ ಕ್ಷಮೆ ಕೇಳುವುದಿಲ್ಲ.

ನಾನು ನೀಲಗಂಗಾ, ಗೈರುವಕೀಲೆ. ಅಂದರೆ, ತಮ್ಮ ಮೇಲೆ ವಿಚಾರಣೆ ನಡೆಯುತ್ತಿದೆ ಎಂದೇ ತಿಳಿಯದವರ ಪರವಾಗಿ ಮುಚ್ಚಿದ ಕೋಣೆಯಲ್ಲಿ ವಾದಿಸುವವಳು. ನಮ್ಮ ರಕ್ಷಣಾ ಕಾಯ್ದೆಯಲ್ಲಿ ಒಂದು ವಾಕ್ಯವಿದೆ: ಭಯೋತ್ಪಾದಕನೆಂದು ಶಂಕೆಯಿರುವವನನ್ನು ಹಿಡಿಯಲು ಸಾಧ್ಯವಾಗದಿದ್ದರೆ ಕೊಲ್ಲಬಹುದು. ಕೊಲ್ಲುವುದು ತೂಗುಗಣ್ಣು, ಹದ್ದಿನಷ್ಟು ದೊಡ್ಡ ಹಾರುಯಂತ್ರ. ಬಾಂಬಿಡುವವರೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ಚಿಕ್ಕಮ್ಮ ತರಕಾರಿ ತರಲು ಹೋಗಿ ಬಾಂಬಿಗೇ ಸತ್ತಳು. ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಹೋದ ವಾರ ಆ ಮುಚ್ಚಿದ ಕೋಣೆಯಲ್ಲಿ ಓದಿದ ಹೆಸರು ನನ್ನ ತಮ್ಮ ಸಂಗನಬಸುವಿನದು. ಅವನು ನೀರಿನ ಪಂಪು ರಿಪೇರಿ ಮಾಡುವವನು. ಯಾರದೋ ತೋಟದ ಪಂಪು ಸರಿಮಾಡಿ ಬಂದ. ಆಮೇಲೆ ಆ ತೋಟದಲ್ಲಿ ಮದ್ದುಗುಂಡು ಸಿಕ್ಕಿತು. ಅಷ್ಟೇ ಅವನ ಮೇಲಿರುವ ಶಂಕೆ. ಹೆಸರನ್ನು ಹೊರಗೆ ಹೇಳುವುದು ಅಪರಾಧ. ನಾನು ನೆಟ್ಟಗೆ ಮನೆಗೆ ಹೋಗಿ ಹೇಳಿದೆ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ, ಸೆರೆಗೂರುವುದು ಎನ್ನುತ್ತೇವೆ. ಹೆಸರು ಬಂದವನು ಹಾಸಿಗೆ, ಕಡಕ್ ರೊಟ್ಟಿ ಕಟ್ಟಿಕೊಂಡು ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕೂತು, ನನ್ನನ್ನು ಹಿಡಿಯಿರಿ ಎನ್ನುತ್ತಾನೆ. ಹಿಡಿದರೆ ಕೋರ್ಟಿಗೆ ತರಬೇಕು, ಎಲ್ಲರೆದುರು ಸಾಕ್ಷಿ ತೋರಿಸಬೇಕು. ಅದಕ್ಕೇ, ತಮ್ಮ ಹೋಗಿ ಕೂತ ಕೂಡಲೇ ಠಾಣೆಯವರು ಒಳಗಿನಿಂದ ಚಿಲಕ ಹಾಕಿಕೊಂಡರು. ಇನ್‌ಸ್ಪೆಕ್ಟರ್ ಪಾಪ ಕೆಟ್ಟವನಲ್ಲ; ಅವನ ಮನೆಯ ಪಂಪನ್ನೂ ನಮ್ಮವನೇ ನೋಡಿಕೊಳ್ಳುತ್ತಿದ್ದ. ಕಿಟಕಿಯಿಂದ ಇಣುಕಿ, "ಸಂಗಣ್ಣ, ನೀ ನನಗ ಕಾಣವಲ್ಲಿ, ಮನೀಗಿ ಹೋಗು" ಅಂದ.

ನಮ್ಮವ್ವ ಬಿಡುತ್ತಾಳೆಯೇ? "ಕಾಣವಲ್ಲ ಅಂದ್ರ ಮುಟ್ಟಿ ನೋಡ್ರಿ ಸಾಹೇಬ್ರ, ಇನ್ನೂ ಬೆಚ್ಚಗದಾನ" ಅಂದಳು.

ಕಿಟಕಿಯೂ ಮುಚ್ಚಿತು. ಹಿಡಿಯಲು ಸಾಧ್ಯವಾಗಲಿಲ್ಲ ಎಂದು ಸರಕಾರಕ್ಕೆ ವರದಿ ಹೋಯಿತು. ಸುತ್ತಲೂ ಜನರಿದ್ದಾಗ ತೂಗುಗಣ್ಣು ಹೊಡೆಯುವಂತಿಲ್ಲ. ಹಾಗಾಗಿ ನಮ್ಮ ಓಣಿಯವರು ಸರದಿಯ ಮೇಲೆ ಅವನ ಮಗ್ಗುಲಲ್ಲಿ ಕೂತು ಅವರೆಕಾಯಿ ಸುಲಿದರು, ಹರಟೆ ಹೊಡೆದರು. ಇಂದು ಮಧ್ಯಾಹ್ನ ಕಾಯ್ದೆಗೆ ಹೊಸ ಅರ್ಥ ಬಂದಿದೆ: ನಾಳೆ ಬೆಳಿಗ್ಗೆಯಿಂದ ಅವನ ಹತ್ತಿರ ಕೂತವರು ಜನರಲ್ಲ, ಸಹಚರರು. ಅದನ್ನು ಮೈಕಿನಲ್ಲಿ ಸಾರಿದರು. ಕೇಳಿ ಕೆಲವರು ಎದ್ದು ಹೋದರು, ಅವರನ್ನು ನಾನು ಬೈಯುವುದಿಲ್ಲ. ಪಕ್ಕದ ಓಣಿಯಿಂದ ಬೇರೆಯವರು ಚಾಪೆ ಹಿಡಿದು ಬಂದರು.

ನಿಮ್ಮಲ್ಲಿ ಕಾಯ್ದೆಯ ಆ ವಾಕ್ಯವನ್ನು ಇನ್ನೂ ಯಾರೂ ಬರೆದಿರಲಿಕ್ಕಿಲ್ಲ. ಒಂದು ದಿನ ಬರೆಯುತ್ತಾರೆ. ದೇಶ ಹೆದರಿರುವ ಹೊತ್ತಿನಲ್ಲಿ, ಸ್ವಲ್ಪ ಕಾಲಕ್ಕೆ ಮಾತ್ರ ಎಂದು ಹೇಳಿ ತರುತ್ತಾರೆ. ನೀವೂ ಹೆದರಿರುತ್ತೀರಿ. ಆದರೂ ಎದ್ದು ನಿಂತು ಕೇಳಿ: ಹಿಡಿಯಲಾಗಲಿಲ್ಲ ಎಂದು ಹೇಳುವವರು ಯಾರು? ಕೊಲ್ಲುವವರೇ ಅದನ್ನೂ ಹೇಳುವುದಾದರೆ ಆ ಕಾಯ್ದೆಯ ಪರವಾಗಿ ಕೈ ಎತ್ತಬೇಡಿ. ನಿಮಗೆ ಕೈಮುಗಿದು ಕೇಳುತ್ತಿಲ್ಲ, ಹಕ್ಕಿನಿಂದ ಕೇಳುತ್ತಿದ್ದೇನೆ.

ಇನ್ನು ನಾನು ಹೊರಡಬೇಕು. ನನ್ನ ಕರಿ ಕೋಟನ್ನು ಹಾಕಿಕೊಂಡೇ ಹೋಗುತ್ತೇನೆ, ಮೇಲಿನಿಂದ ನೋಡುವವರಿಗೆ ನಾನು ಯಾರೆಂದು ಗೊತ್ತಾಗಲಿ. ತಮ್ಮನ ಎಡಕ್ಕೆ ಕೂರುವವಳು ನಾನು. ಬಲಕ್ಕೆ ಅವ್ವ ಆಗಲೇ ಕೂತಿದ್ದಾಳೆ.

ನೀಲಗಂಗಾ