ಹೊಸಬರ ತರಬೇತಿಯಲ್ಲಿ ಕೂತು ಬಂದೆ

ರೀ,
ಹನ್ನೊಂದಕ್ಕೆ ಯೂನಿವರ್ಸಿಟಿ ಆಫೀಸಿಗೆ ಬನ್ನಿ, ತಪ್ಪಿಸಬೇಡಿ. ನಾನು ನಿವೃತ್ತಿಯಾದ ಮೇಲೂ ನಿಮ್ಮ ಆಸ್ಪತ್ರೆ ಖರ್ಚು ಅವರೇ ನೋಡಿಕೊಳ್ಳಬೇಕಾದರೆ ನಿಮ್ಮ ಸಹಿ ಬೇಕಂತೆ. ಇವತ್ತೇ ಕೊನೆ.

ಇದನ್ನೆಲ್ಲ ನಿನ್ನೆ, ನಿವೃತ್ತರಾಗುವವರ ಸಭೆಯಲ್ಲೇ ಹೇಳಿದರಂತೆ. ನಾನೋ, ಬಾಗಿಲು ತಪ್ಪಿ ಹೊಸದಾಗಿ ಸೇರಿದವರ ತರಬೇತಿಗೆ ಹೋಗಿ ಕೂತಿದ್ದೆ! ನಗಬೇಡಿ. ಗೊತ್ತಾದ ಮೇಲೂ ಏಳಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಲ್ಯಾಬಿನ ಗಾಜಿನ ಸೀಸೆಗಳನ್ನು ತೊಳೆದೆ, ಅವುಗಳೊಳಗೆ ಏನಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಟ್ಟರು. ನಾನು ಕೈಯೆತ್ತಿ ಕೇಳಿದ್ದೇ ಕೇಳಿದ್ದು.

“ಅಕ್ಕಾ, ನೀವು ಯಾವಾಗ ಸೇರಿದ್ರಿ?” ಅಂದ ಹೇಳಿಕೊಡುವವನು.

“ಮುಂದಿನ ತಿಂಗಳು ಬಿಡ್ತಿದ್ದೀನಪ್ಪಾ” ಅಂದೆ. ಕೋಣೆಯೆಲ್ಲ ಗೊಳ್ಳೆಂದಿತು.

ನಿವೃತ್ತರು ಯಾವ ತರಗತಿಯಲ್ಲಾದರೂ ಪುಕ್ಕಟೆ ಕೂರಬಹುದಂತೆ, ಅವನೇ ಹೇಳಿದ. ಇನ್ನು ಮನೆಯಲ್ಲಿ ಆರಾಮಾಗಿರು ಅಂತ ನೀವು ಹೇಳುತ್ತಲೇ ಇದ್ದೀರಿ. ಆದರೆ ನಾನು ರಸಾಯನಶಾಸ್ತ್ರಕ್ಕೆ ಹೆಸರು ಕೊಟ್ಟಾಯಿತು. ಮುನಿಸಿದ್ದರೆ ಸಹಿ ಹಾಕಿದ ಮೇಲೆ ಮುನಿಸಿಕೊಳ್ಳಿ.

ತಿಂಡಿ ಮುಚ್ಚಿಟ್ಟಿದ್ದೇನೆ. ಮೆಟ್ಟಿಲು ನಿಧಾನಕ್ಕೆ ಹತ್ತಿ, ಇನ್‌ಹೇಲರ್ ಜೇಬಿನಲ್ಲಿರಲಿ. ಅದನ್ನು ಒಂದು ಸಲ ಒತ್ತಿದರೆ ನಿಮ್ಮ ಕಟ್ಟಿದ ಉಸಿರು ಹೇಗೆ ಬಿಡುತ್ತದೆ? ಮೊದಲ ದಿನ ಕೈಯೆತ್ತಿ ಅದನ್ನೇ ಕೇಳುತ್ತೇನೆ.