ಗವರ್ನರ್ ಮುಚ್ಚಳ ನಾನೇ ಬಿಚ್ಚಿದೆ

ಅಪ್ಪಾ,

ನಂದಗುಡಿಯ ನಮ್ಮ ಶೆಡ್ಡಿಗೆ ಹಳೇ ಟ್ರಾಕ್ಟರ್ ಬಂದು ನಿಂತಾಗಲೆಲ್ಲ ನೀನು ಹೇಳುತ್ತಿದ್ದ ಮಾತು ನೆನಪಿದೆಯಾ? ನಟ್ಟು ಬಿಚ್ಚಲು ನಾನು ಬೇಕು, ಡೀಸೆಲ್‌ನಲ್ಲಿ ಸಾಮಾನು ತೊಳೆಯಲು ನಾನು ಬೇಕು. ಗವರ್ನರ್ ಮುಚ್ಚಳಕ್ಕೆ ಕೈ ಹಾಕುವಾಗ ಮಾತ್ರ, "ಮಂಜೂ, ಒಳಗೋಗಿ ಕಾಫಿ ಇಡಮ್ಮ. ಇದು ಹೆಣ್ಮಕ್ಳ ಕೈಗೆ ಹತ್ತೋ ಕೆಲ್ಸ ಅಲ್ಲ." ಭಾರ ಬಿದ್ದಾಗ ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವುದು ಅದರೊಳಗಿನ ಕಿರುಬೆರಳುದ್ದದ ಸ್ಪ್ರಿಂಗು. ಅದನ್ನು ಒಂದು ಸಲವೂ ನನಗೆ ಮುಟ್ಟಗೊಡದೆ ನೀನು ಹೋಗಿಬಿಟ್ಟೆ. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತವಳಿಗೆ...

ಹೋದ ತಿಂಗಳು ನಾರಾಯಣಪ್ಪ ಮಾವ ತಮ್ಮ ಟ್ರಾಕ್ಟರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅವರಪ್ಪ ಕೊಂಡದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಸ್ಟಾರ್ಟ್ ಮಾಡಿದರೆ ಸದ್ದು ಏರುತ್ತದೆ, ಕುಸಿಯುತ್ತದೆ, ಮತ್ತೆ ಏರುತ್ತದೆ. ಟ್ರೈಲರ್ ಕಟ್ಟಿದರೆ ಉಸಿರೇ ನಿಲ್ಲುತ್ತದೆ.

"ಗುಜರಿಗೆ ಹಾಕು ಅಂತಾರೆ ಕಣಮ್ಮ," ಅಂದರು. "ಸರ್ಕಾರ ನೋಟಿಸು ಕೊಟ್ಟಿರೋ ಜಮೀನು ಬಿಟ್ಟುಕೊಡಲ್ಲ ಅಂತ ಗುರುವಾರ ಊರೋರೆಲ್ಲ ಹೊಸಕೋಟೆ ತಾಲ್ಲೂಕು ಕಚೇರಿಗೋಗಿ ಅರ್ಜಿ ಕೊಡ್ತಾ ಇದೀವಿ. ಆ ಹೊಲ ಉತ್ತಿದ್ದು ಇದೇ ಗಾಡಿ. ಇದ್ರಲ್ಲೇ ಹೋಗ್ಬೇಕು ನಾನು. ನಿಮ್ಮಪ್ಪ ಇದ್ದಿದ್ರೆ..."

"ಅಪ್ಪ ಇಲ್ಲ. ನಾನಿದೀನಲ್ಲ, ಮಾವ."

ಮುಚ್ಚಳ ನಾನೇ ಬಿಚ್ಚಿದೆ. ಯಾರೋ ಪುಣ್ಯಾತ್ಮ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಕೊಕ್ಕೆಗೆ ಸಿಕ್ಕಿಸಿದ್ದ. ಅದರ ಬಿಗಿಯೇ ಸತ್ತುಹೋಗಿತ್ತು. ಪಕ್ಕದ ಸರಳಿನ ಪಿನ್ನೂ ಸವೆದು ಅಲ್ಲಾಡುತ್ತಿತ್ತು. ಪಿನ್ ಬದಲಿಸಿ, ಗುಜರಿಯಲ್ಲಿ ಹುಡುಕಿ ತಂದ ಎರಡು ಸ್ಪ್ರಿಂಗ್‌ಗಳನ್ನು ಒಂದೊಂದಾಗಿ ಕೂರಿಸಿ ನೋಡಿದೆ. ಮೊದಲನೆಯದು ತೀರಾ ಬಿಗಿ. ಎಂಜಿನ್ ಕಿರುಚಿಕೊಂಡಿತು, ಮಾವ ಓಡಿ ಬೇವಿನ ಮರದ ಹಿಂದೆ ನಿಂತರು. ನಾನು ಓಡಲಿಲ್ಲ, ಡೀಸೆಲ್ ಬಂದ್ ಮಾಡಿದೆ. ಎರಡನೆಯದು ಒಪ್ಪಿತು. ವೇಗ ಹೊಂದಿಸುವ ಸ್ಕ್ರೂ ಕಾಲು ಸುತ್ತು, ಮತ್ತೆ ಕಾಲು ಸುತ್ತು. ನೀನಾದರೆ ಕಣ್ಣು ಮುಚ್ಚಿ, ಸದ್ದು ಕೇಳಿಯೇ ವೇಗ ಹೇಳಿಬಿಡುತ್ತಿದ್ದೆ. ನನಗೆ ಆ ಕಿವಿ ಇಲ್ಲ. ವೇಗ ಅಳೆಯುವ ಮೀಟರ್ ಹಿಡಿದೆ. ಬೈಯುವುದಾದರೆ ಬೈ.

ಗುರುವಾರ ಬೆಳಿಗ್ಗೆ ಟ್ರೈಲರ್ ತುಂಬ ಜನ. ಹೊಸ ಟ್ರಾಕ್ಟರಿನವರು, "ದಾರೀಲಿ ನಿಂತೋದ್ರೆ ಹಗ್ಗ ನಾವ್ ಕೊಡ್ತೀವಿ ಬುಡು, ಮಂಜುಳಕ್ಕ," ಎಂದು ನಗುತ್ತಿದ್ದರು. ನಾನು ಮಾವನ ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ. ಮೊದಲ ಏರಿನಲ್ಲಿ ಸದ್ದು ತಗ್ಗಿತು. ಆಮೇಲೆ ಎಂಜಿನ್ ತಾನೇ ಡೀಸೆಲ್ ಎಳೆದುಕೊಂಡು, ಒಂದೇ ಸಮನೆ ದಡದಡ ಅನ್ನುತ್ತ ಹತ್ತಿತು. ಮಾವ ತಿರುಗಿ ನೋಡಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹೊಸಕೋಟೆವರೆಗೆ ಎಲ್ಲೂ ನಿಲ್ಲಲಿಲ್ಲ ಅಪ್ಪಾ. ಈಗ ಹೇಳು, ಯಾರ ಕೈಗೆ ಹತ್ತದ ಕೆಲಸ ಅದು?

ನಿನಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ನೋಟಿಸು ಬಂದ ಜಾಗಗಳಲ್ಲಿ ನಮ್ಮ ಶೆಡ್ಡೂ ಇದೆ. ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಮುದುಕರು ನನ್ನ ಹೆಸರು ಬರೆದು, "ಗೃಹಿಣಿ ಅಂತ ಹಾಕ್ಲೇನಮ್ಮ?" ಅಂದರು.

"ಟ್ರಾಕ್ಟರ್ ಮೆಕ್ಯಾನಿಕ್ ಅಂತ ಹಾಕಿ."

ಕನ್ನಡಕ ಸರಿಸಿ ಒಮ್ಮೆ ನೋಡಿದರು, ಹಾಗೆಯೇ ಬರೆದರು. ನಾನು ಸಹಿ ಹಾಕಿದೆ. ಆ ಶೆಡ್ಡನ್ನು ನಾನು ಬಿಡುವುದಿಲ್ಲ. ಅದು ನಿನ್ನದಾಗಿತ್ತು ಅಂತಲ್ಲ ಅಪ್ಪಾ, ಈಗ ಅದು ನಾನು ಕೆಲಸ ಮಾಡುವ ಜಾಗ ಅಂತ.

ಮಂಜುಳ